ಎರಕವಾಗದ ಕುದುರೆ: ಒಂದು ಪ್ರಕರಣ ಅಧ್ಯಯನ

ದೊಡ್ಡ ಕೆಲಸವೊಂದು ಅರ್ಧಕ್ಕೆ ನಿಂತರೆ ಕಾರಣ ಹೇಳುವುದು ಸುಲಭ. ಯುದ್ಧ ಬಂತು, ದುಡ್ಡು ಸಾಲಲಿಲ್ಲ, ಮಾಡುವವನು ಯಾವುದನ್ನೂ ಮುಗಿಸುವ ಪೈಕಿ ಅಲ್ಲ. ಇಲ್ಲಿ ನೋಡಲಿರುವ ಪ್ರಕರಣಕ್ಕೆ ಈ ಮೂರೂ ಕಾರಣಗಳನ್ನು ಐನೂರು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ಮೂರರಲ್ಲೂ ಅಷ್ಟಿಷ್ಟು ನಿಜ ಇದೆ. ಆದರೆ ಉಳಿದಿರುವ ಪತ್ರ, ಟಿಪ್ಪಣಿಗಳನ್ನು ತಾರೀಖಿನ ಪ್ರಕಾರ ಸಾಲಾಗಿ ಇಟ್ಟು ಓದಿದರೆ ಇನ್ನೊಂದು ಕಾರಣ ಕಣ್ಣಿಗೆ ಬೀಳುತ್ತದೆ. ಅದನ್ನು ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ.

ಕೆಲಸ ಇಷ್ಟೇ. ಇಟಲಿಯ ಮಿಲಾನ್ ನಗರದಲ್ಲಿ, ತೀರಿಹೋದ ಒಬ್ಬ ಅರಸನ ನೆನಪಿಗೆ ಕಂಚಿನ ಕುದುರೆ, ಅದರ ಮೇಲೆ ಸವಾರ. ಕಾಲ 1482ರ ಸುಮಾರಿನಿಂದ 1499. ಪ್ರತಿಮೆ ಎಂದೂ ಎರಕವಾಗಲಿಲ್ಲ.

ಇದರಲ್ಲಿ ಬರುವ ಮುಖ್ಯ ಜನರ ಹೆಸರು ಹೇಳುವುದಿಲ್ಲ. ಕೆಲಸ ಹಿಡಿದವನು ಬರೀ ‘ಕಲಾವಿದ’, ಕೊಟ್ಟವನು ‘ದೊರೆ’. ಊಹಿಸುವುದು ಕಷ್ಟವೇನಲ್ಲ, ಊಹಿಸಿದವರು ಸುಮ್ನೆ ಮನಸ್ಸಿನಲ್ಲೇ ಇಟ್ಟುಕೊಳ್ಳಿ. ಹೆಸರು ಮುಚ್ಚಿಡುವುದಕ್ಕೆ ಕಾರಣ ಇದೆ. ಆ ಹೆಸರು ಕಿವಿಗೆ ಬಿದ್ದ ಕೂಡಲೇ ನಾವು ಕೈಮುಗಿದು ನಿಂತುಬಿಡುತ್ತೇವೆ. ಮಹಾ ಪ್ರತಿಭೆ, ಕಾಲಕ್ಕಿಂತ ಮುಂದಿದ್ದವನು ಎಂದು ಹೇಳಿ ಮುಗಿಸುತ್ತೇವೆ. ಅವನು ಯಾವ ದಿನ ಯಾವ ತೀರ್ಮಾನ ತೆಗೆದುಕೊಂಡ, ಅದು ಸರಿಯಿತ್ತೇ ಎಂದು ಕೇಳುವುದೇ ಇಲ್ಲ.

ಹಿನ್ನೆಲೆ

ದೊರೆಯ ತಂದೆ ಹುಟ್ಟಿನಿಂದ ರಾಜನಲ್ಲ. ದುಡ್ಡು ಕೊಟ್ಟವರ ಪರವಾಗಿ ಯುದ್ಧ ಮಾಡುವ ಕೂಲಿ ಸೈನ್ಯದ ನಾಯಕ. 1450ರಲ್ಲಿ ಮಿಲಾನ್ ಗದ್ದುಗೆ ಏರಿದ, 1466ರಲ್ಲಿ ಸತ್ತ. ಅವನ ಹಿರಿಮಗನಿಗೆ 1473ರಲ್ಲಿ ಅಪ್ಪನ ಹೆಸರಲ್ಲಿ ಕುದುರೆ ಸವಾರ ಪ್ರತಿಮೆ ಮಾಡಿಸುವ ಆಸೆ ಹುಟ್ಟಿತು. 1476ರಲ್ಲಿ ಅವನ ಕೊಲೆಯಾಯಿತು. ಪಟ್ಟ ಅವನ ಚಿಕ್ಕ ಮಗನಿಗೆ ಹೋಯಿತು. ಕೆಲವೇ ವರ್ಷಗಳಲ್ಲಿ ಆ ಹುಡುಗನ ಚಿಕ್ಕಪ್ಪ ಆಡಳಿತವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡ. ಈ ಚಿಕ್ಕಪ್ಪನೇ ನಮ್ಮ ಪ್ರಕರಣದ ದೊರೆ.

ಇದನ್ನು ಸರಿಯಾಗಿ ನೆನಪಿಟ್ಟುಕೊಳ್ಳಿ. ಅಧಿಕಾರ ಅವನದು, ಪಟ್ಟ ಮಾತ್ರ ಅಣ್ಣನ ಮಗನದು. ಅಂಥವನಿಗೆ ‘ಅಪ್ಪನ ನಿಜವಾದ ವಾರಸುದಾರ ನಾನೇ’ ಎಂದು ಊರಿಗೆಲ್ಲ ಕಾಣುವ ಹಾಗೆ ಹೇಳಬೇಕಿತ್ತು. ಅಪ್ಪನ ದೊಡ್ಡ ಪ್ರತಿಮೆ ನಿಲ್ಲಿಸುವುದಕ್ಕಿಂತ ಒಳ್ಳೆಯ ದಾರಿ ಯಾವುದಿದೆ?

ಕಲಾವಿದ ಫ್ಲಾರೆನ್ಸ್ ಕಡೆಯವನು. ಮಿಲಾನ್‌ಗೆ ಬಂದಾಗ ಮೂವತ್ತರ ಆಸುಪಾಸು. ಕೆಲಸ ಕೇಳಿಕೊಂಡು ದೊರೆಗೆ ಬರೆದ ಪತ್ರದ ಕರಡು ಇವತ್ತಿಗೂ ಉಳಿದಿದೆ. ಇವತ್ತಿನ ಬಯೋಡೇಟಾ ಬರೆಯುವವರು ಅದನ್ನೊಮ್ಮೆ ಓದಬೇಕು. ಅಂಕಿ ಹಾಕಿ ಒಂದೊಂದಾಗಿ ಬರೆದಿದ್ದಾನೆ: ಹಗುರವಾದ, ಹೊತ್ತೊಯ್ಯಬಹುದಾದ ಸೇತುವೆ ಕಟ್ಟಬಲ್ಲೆ, ಮುತ್ತಿಗೆ ಹಾಕಿದ ಕೋಟೆಯ ಕಂದಕದ ನೀರು ಖಾಲಿ ಮಾಡಬಲ್ಲೆ, ಫಿರಂಗಿ ಮಾಡಬಲ್ಲೆ, ಸದ್ದಿಲ್ಲದೆ ಸುರಂಗ ತೋಡಬಲ್ಲೆ, ಒಳಗೆ ಕೂತವರಿಗೆ ಪೆಟ್ಟಾಗದ ಮುಚ್ಚಿದ ಬಂಡಿ ಮಾಡಬಲ್ಲೆ. ಯುದ್ಧದ ಮಾತು ಹೀಗೇ ಸಾಗುತ್ತದೆ. ಹತ್ತನೆಯದಕ್ಕೆ ಬಂದಾಗ ಶಾಂತಿಯ ಕಾಲದ ಕಟ್ಟಡಗಳ ಪ್ರಸ್ತಾಪ. ಆಮೇಲೆ, ಹಾಗೆಯೇ ಸೇರಿಸಿದ ಮಾತಿನಂತೆ, ಕಲ್ಲು, ಕಂಚು, ಮಣ್ಣಿನಲ್ಲಿ ಶಿಲ್ಪ ಮಾಡಬಲ್ಲೆ, ಚಿತ್ರವನ್ನೂ ಬರೆಯಬಲ್ಲೆ. ಕೊನೆಗೆ ಕುದುರೆಯ ಮಾತು: ತಮ್ಮ ತಂದೆಯವರ ಹಾಗೂ ಮನೆತನದ ಕೀರ್ತಿ ಎಂದೆಂದಿಗೂ ಉಳಿಯುವಂತೆ ಆ ಕಂಚಿನ ಕುದುರೆಯ ಕೆಲಸವನ್ನೂ ಕೈಗೆತ್ತಿಕೊಳ್ಳಬಹುದು.

ದೊರೆಗೆ ಏನು ಬೇಕು ಎಂದು ಅವನು ಚೆನ್ನಾಗಿ ಅಳೆದಿದ್ದ. ಸರಿ, ಆದರೆ ಅಲ್ಲಿಯವರೆಗೆ ಅವನ ಹೆಸರಲ್ಲಿ ಒಂದೂ ದೊಡ್ಡ ಎರಕದ ಕೆಲಸ ಇರಲಿಲ್ಲ. ಗುರು ವೆರೋಕ್ಯೋನ ಕಾರ್ಖಾನೆಯಲ್ಲಿ ಪಳಗಿದವನು, ಎರಕ ಹೊಯ್ಯುವುದನ್ನು ಹತ್ತಿರದಿಂದ ನೋಡಿದವನು, ಅಷ್ಟೇ. ಅದೇ ಹೊತ್ತಿಗೆ ಗುರುವೂ ವೆನಿಸ್‌ಗಾಗಿ ಒಂದು ಕಂಚಿನ ಸವಾರ ಪ್ರತಿಮೆಯ ಕೆಲಸ ಹಿಡಿದಿದ್ದ. ಅದು ಸುಮಾರು 4 ಮೀಟರ್ ಎತ್ತರದ್ದು. ಗುರು 1488ರಲ್ಲಿ ಸತ್ತ, ಪ್ರತಿಮೆಯನ್ನು ಬೇರೆಯವರು ಎರಕ ಹೊಯ್ದು 1496ರಲ್ಲಿ ನಿಲ್ಲಿಸಿದರು. ಅದಕ್ಕೂ ಮೊದಲು ಪಡುವಾದಲ್ಲಿ ಡೊನಾಟೆಲ್ಲೊ ನಿಲ್ಲಿಸಿದ್ದ ಸವಾರ ಪ್ರತಿಮೆ ಇತ್ತು. ಅದು ಇನ್ನೂ ಸ್ವಲ್ಪ ಚಿಕ್ಕದು. ಆ ಕಾಲದ ಕಂಚಿನ ಕುದುರೆಗಳ ಅಳತೆ ಇಷ್ಟರೊಳಗೇ ಇತ್ತು.

ಸಮಸ್ಯೆ ಎಲ್ಲಿಂದ ಶುರುವಾಯಿತು

ಮೊದಲ ವರ್ಷಗಳ ರೇಖಾಚಿತ್ರಗಳು ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿವೆ. ಕುದುರೆ ಎರಡು ಹಿಂಗಾಲ ಮೇಲೆ ಎದ್ದು ನಿಂತಿದೆ. ಮುಂಗಾಲ ಕೆಳಗೆ ಒಬ್ಬ ಶತ್ರು ಬಿದ್ದಿದ್ದಾನೆ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಟನ್‌ಗಟ್ಟಲೆ ಕಂಚು, ಭಾರವೆಲ್ಲ ಎರಡು ತೆಳು ಕಾಲುಗಳ ಮೇಲೆ, ಅದೂ ಮುಂದಕ್ಕೆ ವಾಲಿಕೊಂಡು. ಆ ಬಿದ್ದ ಶತ್ರು ಬರೀ ಅಲಂಕಾರಕ್ಕೆ ಅಲ್ಲ, ಮುಂಗಾಲಿಗೆ ಆಸರೆ ಕೊಡಲು ಬಂದವನು. ಇಂಥ ದೊಡ್ಡ ಕಂಚಿನ ಪ್ರತಿಮೆಯನ್ನು ಯುರೋಪಿನಲ್ಲಿ ನಿಲ್ಲಿಸಲು ಆದದ್ದು 1640ರಲ್ಲಿ, ಮ್ಯಾಡ್ರಿಡ್‌ನಲ್ಲಿ. ಅಂದರೆ ಒಂದೂವರೆ ಶತಮಾನದ ಮೇಲೆ.

ಹೀಗೆ ಚಿತ್ರಗಳಲ್ಲೇ ಏಳು ವರ್ಷ ಕಳೆಯಿತು. ಮಧ್ಯೆ ಕಲಾವಿದನಿಗೆ ಬೇರೆ ಕೆಲಸಗಳೂ ಇದ್ದವು. 1490ರ ಜನವರಿ 13ರಂದು ಅರಮನೆಯಲ್ಲಿ ನಡೆದ ಒಂದು ದೊಡ್ಡ ಉತ್ಸವಕ್ಕೆ ಗ್ರಹಗಳು ತಿರುಗುವ ರಂಗಸಜ್ಜಿಕೆ ಮಾಡಿಕೊಟ್ಟವನು ಅವನೇ. ಆಸ್ಥಾನದಲ್ಲಿ ಇದ್ದವನು, ಕರೆದಾಗ ಹೋಗಲೇಬೇಕಲ್ವಾ.

1489ರ ಜುಲೈ 22ರ ಒಂದು ಪತ್ರ ಈ ಪ್ರಕರಣದ ಮೊದಲ ತಿರುವು. ಮಿಲಾನ್‌ನಲ್ಲಿದ್ದ ಫ್ಲಾರೆನ್ಸಿನ ರಾಯಭಾರಿ ತನ್ನ ಒಡೆಯನಿಗೆ ಬರೆದದ್ದು. ದೊರೆಗೆ ತಂದೆಯ ನೆನಪಿಗೆ ಭಾರಿ ದೊಡ್ಡ ಕಂಚಿನ ಕುದುರೆ ಬೇಕಾಗಿದೆ, ಮೇಲೆ ಕವಚ ತೊಟ್ಟ ಸವಾರ ಇರಬೇಕು, ಇಂಥ ಕೆಲಸ ಬಲ್ಲ ಒಬ್ಬಿಬ್ಬರನ್ನು ಕಳಿಸಿಕೊಡಿ ಎಂದು ಕೇಳುತ್ತಾನೆ. ಕೆಲಸವನ್ನು ಈಗಾಗಲೇ ನಮ್ಮ ಕಲಾವಿದನಿಗೆ ವಹಿಸಿದೆ, ಆದರೆ ಅವನು ಮುಗಿಸಬಲ್ಲ ಎಂಬ ನಂಬಿಕೆ ಅಷ್ಟಾಗಿ ಇಲ್ಲ ಎಂದೂ ಸೇರಿಸುತ್ತಾನೆ.

ಈ ಪತ್ರದಲ್ಲಿ ಎರಡು ಸಂಗತಿ ಇವೆ. ಅಪನಂಬಿಕೆಯ ಮಾತನ್ನು ಎಲ್ಲರೂ ಎತ್ತಿ ತೋರಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ‘ಭಾರಿ ದೊಡ್ಡ’ ಎಂಬ ಮಾತು. ಕೊನೆಗೆ ನಿಂತ ಅಳತೆ 12 ಬ್ರಾಚ್ಯೋ. ಬ್ರಾಚ್ಯೋ ಅಂದರೆ ಆಗಿನ ತೋಳಳತೆ, ನಮ್ಮ ಲೆಕ್ಕದಲ್ಲಿ 60 ಸೆಂಟಿಮೀಟರ್‌ಗೆ ಹತ್ತಿರ. ಅಂದರೆ ಕುದುರೆಯೊಂದೇ 7 ಮೀಟರ್ ದಾಟುತ್ತದೆ, ಸವಾರ ಬೇರೆ. ಕಲಾವಿದನ ಗೆಳೆಯ, ಗಣಿತಜ್ಞ ಲೂಕಾ ಪಾಚೋಲಿ ಇದಕ್ಕೆ ಬೇಕಾದ ಕಂಚಿನ ತೂಕವನ್ನು 2 ಲಕ್ಷ ಲಿಬ್ರ ಎಂದು ಬರೆದಿದ್ದಾನೆ. ಈಗಿನ ಲೆಕ್ಕಕ್ಕೆ ಸುಮಾರು 65 ಟನ್.

ಎತ್ತರ ಎರಡು ಪಟ್ಟಾದರೆ ಕೆಲಸವೂ ಎರಡು ಪಟ್ಟು ಎಂದು ದೊರೆ ಅಂದುಕೊಂಡಿರಬಹುದು. ಹಾಗಾಗುವುದಿಲ್ಲ. ಟೊಳ್ಳು ಪ್ರತಿಮೆಯ ಗೋಡೆ ಅಷ್ಟೇ ದಪ್ಪ ಇಟ್ಟುಕೊಂಡರೂ ಕಂಚು ನಾಲ್ಕು ಪಟ್ಟು ಬೇಕು. ಗೋಡೆಯನ್ನೂ ದಪ್ಪ ಮಾಡಿದರೆ ಎಂಟು ಪಟ್ಟು. ಅಷ್ಟು ಲೋಹ ಒಂದೇ ಕುಲುಮೆಯಲ್ಲಿ ಕರಗುವುದಿಲ್ಲ. ಹಲವು ಕುಲುಮೆ ಸುತ್ತ ನಿಲ್ಲಿಸಿ ಎಲ್ಲವನ್ನೂ ಒಟ್ಟಿಗೆ ಬಿಡಬೇಕು. ಒಂದು ಕಡೆಯಿಂದ ಬಂದದ್ದು ಆರುವ ಮೊದಲೇ ಇನ್ನೊಂದು ಕಡೆಯದು ಬಂದು ಕೂಡಬೇಕು, ಇಲ್ಲದಿದ್ದರೆ ಅಲ್ಲೇ ಬಿರುಕು. ಸಾಲದ್ದಕ್ಕೆ ಕರಗಿದ ಕಂಚು ನೀರಿಗಿಂತ ಸುಮಾರು ಎಂಟು ಪಟ್ಟು ಭಾರ. 7 ಮೀಟರ್ ಎತ್ತರ ತುಂಬಿ ನಿಂತರೆ ತಳದ ಅಚ್ಚನ್ನು ಅದು ಒತ್ತುವ ಬಲ ಸಾಮಾನ್ಯದ್ದಲ್ಲ.

ಅಂದರೆ ಅಳತೆ ಬದಲಾದ ದಿನವೇ ಇದು ಶಿಲ್ಪಿಯ ಕೆಲಸವಾಗಿ ಉಳಿಯಲಿಲ್ಲ. ಎರಕದವನ, ಕುಲುಮೆಯವನ, ಗುಂಡಿ ತೋಡುವವನ ಕೆಲಸವಾಯಿತು. ಆದರೆ ಹಿಡಿದವನು ಅವನೇ, ಒಪ್ಪಂದವೂ ಅದೇ.

ಏನೇನು ಮಾಡಿ ನೋಡಿದ

ರಾಯಭಾರಿ ಕೇಳಿದ ಮೇಲೂ ಕೆಲಸ ಕಲಾವಿದನ ಕೈಯಲ್ಲೇ ಉಳಿಯಿತು. 1490ರ ಏಪ್ರಿಲ್ 23ರಂದು ಅವನು ಒಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ: ಈ ಪುಸ್ತಕ ಶುರು ಮಾಡಿದೆ, ಕುದುರೆಯನ್ನು ಮತ್ತೆ ಶುರು ಮಾಡಿದೆ. ‘ಮತ್ತೆ’ ಎನ್ನುವುದರಲ್ಲೇ ಎಲ್ಲ ಇದೆ. ಏಳೆಂಟು ವರ್ಷದ ಹಳೆಯ ಯೋಜನೆಯನ್ನು ಬದಿಗಿಟ್ಟ.

ಅದೇ ವರ್ಷ ಜೂನ್‌ನಲ್ಲಿ ಪವೀಯಾ ಎಂಬ ಊರಿಗೆ ಹೋದಾಗ ಅಲ್ಲಿದ್ದ ಹಳೇ ಕಾಲದ ಕಂಚಿನ ಸವಾರ ಪ್ರತಿಮೆಯನ್ನು ನೋಡಿದ. ಅದು ಈಗಿಲ್ಲ, 1796ರಲ್ಲಿ ಒಡೆದು ಹಾಕಿದರು. ಅದರಲ್ಲಿ ಎಲ್ಲಕ್ಕಿಂತ ಮೆಚ್ಚಬೇಕಾದದ್ದು ನಡಿಗೆ, ಕಟ್ಟಿಲ್ಲದೆ ಬಿಟ್ಟ ಕುದುರೆಯ ಹೆಜ್ಜೆಯ ಹಾಗಿದೆ ಎಂದು ಬರೆದುಕೊಂಡ. ಅಲ್ಲಿಂದ ಮುಂದೆ ಅವನ ಕುದುರೆ ಹಿಂಗಾಲ ಮೇಲೆ ಏಳಲಿಲ್ಲ. ನಾಲ್ಕು ಕಾಲಲ್ಲಿ ನಡೆಯತೊಡಗಿತು.

ಈ ಇಡೀ ಪ್ರಕರಣದಲ್ಲಿ ಅತ್ಯಂತ ಒಳ್ಳೆಯ ತೀರ್ಮಾನ ಇದು ಎಂದು ನನ್ನ ಅಭಿಪ್ರಾಯ. ಎದ್ದು ನಿಂತ ಕುದುರೆ ಅವನ ಮೆಚ್ಚಿನ ಕಲ್ಪನೆ, ಅದಕ್ಕಾಗಿ ವರ್ಷಗಟ್ಟಲೆ ಬರೆದಿದ್ದಾನೆ. ಅದನ್ನು ಬಿಟ್ಟ. ಯಾರೋ ಬೈದರು ಅಂತ ಬಿಟ್ಟಂತೆ ಕಾಣುವುದಿಲ್ಲ. ನಡೆಯುವ ಕುದುರೆಯಲ್ಲೂ ಜೀವ ತುಂಬಬಹುದು ಎಂದು ಕಣ್ಣಾರೆ ಕಂಡು ಬಿಟ್ಟ. ಇವನಿಗೆ ಯಾವುದನ್ನೂ ಬಿಡಲು, ಮುಗಿಸಲು ಬರುತ್ತಿರಲಿಲ್ಲ ಎನ್ನುವವರು ಇದನ್ನು ಮರೆಯುತ್ತಾರೆ.

ಆಮೇಲೆ ನಿಜವಾದ ದುಡಿಮೆ. ಆಸ್ಥಾನದ ದೊಡ್ಡ ಮನುಷ್ಯರ ಲಾಯಗಳಿಗೆ ಹೋಗಿ ಒಳ್ಳೆಯ ಕುದುರೆಗಳ ಅಳತೆ ತೆಗೆದ. ಯಾರ ಲಾಯದ ಯಾವ ಕುದುರೆ, ಅದರ ಮುಂಗಾಲು ಎಷ್ಟುದ್ದ, ಮೊಣಕಾಲಿಂದ ಗೊರಸಿಗೆ ಎಷ್ಟು, ಎಲ್ಲವನ್ನೂ ಗೆರೆ ಎಳೆದು ಅಂಕಿ ಹಾಕಿಟ್ಟ. ಒಂದು ಕುದುರೆಯ ಕತ್ತು ಚೆನ್ನ, ಇನ್ನೊಂದರ ತಲೆ ಚೆನ್ನ. ಎಲ್ಲದರ ಒಳ್ಳೆಯದನ್ನು ಆರಿಸಿ ಒಂದು ಮಾಡುವ ಲೆಕ್ಕ.

1491ರ ಮೇ 17ರಿಂದ ಎರಕದ ವಿಷಯಕ್ಕೇ ಬೇರೆ ಟಿಪ್ಪಣಿ ಶುರುವಾಯಿತು. ಈಗ ನಡೆಯುತ್ತಿರುವ ಕಂಚಿನ ಕುದುರೆಗೆ ಸಂಬಂಧಪಟ್ಟದ್ದೆಲ್ಲವನ್ನೂ ಇಲ್ಲಿ ದಾಖಲಿಸುತ್ತೇನೆ ಎಂದು ತಾರೀಖು ಸಮೇತ ಬರೆದುಕೊಂಡ. ಎಡಗೈಯಲ್ಲಿ, ಬಲದಿಂದ ಎಡಕ್ಕೆ ಬರೆದ ಪುಟಗಳು. ಕನ್ನಡಿ ಹಿಡಿದರೆ ಮಾತ್ರ ಓದಲು ಬರುತ್ತವೆ.

ಎರಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಪಂಚಲೋಹದ ಉತ್ಸವಮೂರ್ತಿ ಮಾಡುವವರ ಹಾಗೆ ಅಲ್ಲೂ ಮೇಣದಲ್ಲಿ ರೂಪ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಜಾಗಕ್ಕೆ ಲೋಹ ಹೊಯ್ಯುತ್ತಿದ್ದರು. ಮೇಣದ ರೂಪ ಹೋಯಿತೆಂದರೆ ಹೋಯಿತು. ಎರಕ ಕೆಟ್ಟರೆ ಮೊದಲಿಂದ ಶುರು. ಗೇಣುದ್ದದ ಮೂರ್ತಿಗೆ ಪರವಾಗಿಲ್ಲ, 7 ಮೀಟರ್ ಕುದುರೆಗೆ ಹಾಗಾದರೆ ಏನು ಗತಿ? ಅದಕ್ಕೇ ಅವನು ದಾರಿ ಬದಲಿಸಿದ. ಮೊದಲು ಮಣ್ಣಿನಲ್ಲಿ ಪೂರ್ತಿ ಕುದುರೆ. ಅದರ ಮೇಲೆ ತುಂಡು ತುಂಡಾಗಿ ತೆಗೆಯಬಹುದಾದ ಅಚ್ಚು. ಆ ಅಚ್ಚಿನ ಒಳಗೋಡೆಗೆ ಕಂಚು ಎಷ್ಟು ದಪ್ಪ ಬೇಕೋ ಅಷ್ಟೇ ದಪ್ಪದ ಪದರ ಹಚ್ಚುವುದು. ಅದರೊಳಗೆ ತಿರುಳು ತುಂಬುವುದು. ಪದರ ತೆಗೆದ ಮೇಲೆ ಉಳಿಯುವ ಸಂದಿಗೆ ಕಂಚು. ಹೀಗೆ ಮಾಡಿದರೆ ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಸಮ ಇರುತ್ತದೆ, ಲೋಹದ ಲೆಕ್ಕವೂ ಮೊದಲೇ ಸಿಗುತ್ತದೆ. ಎರಕ ಕೆಟ್ಟರೂ ಮಣ್ಣಿನ ಮೂಲ ಉಳಿದಿರುತ್ತದೆ.

ಈ ಪುಟಗಳಲ್ಲಿ ಕೆಂಪು ಚಾಕ್‌ನಲ್ಲಿ ಬರೆದ ಒಂದು ಚಿತ್ರ ಇದೆ. ಕುದುರೆಯ ತಲೆ ಮತ್ತು ಕತ್ತಿನ ಹೊರಗಿನ ಅಚ್ಚು. ಅದರ ಮೇಲೆಲ್ಲ ಕಬ್ಬಿಣದ ಸಲಾಕೆಗಳು ಅಡ್ಡ ಉದ್ದ ಹಾದು ಬಲೆಯಂತೆ ಹೆಣೆದುಕೊಂಡಿವೆ, ಅಚ್ಚಿನ ತುಂಡುಗಳಿಂದ ಹೊರಬಂದ ಕೊಕ್ಕೆಗಳಿಗೆ ಬಿಗಿದಿವೆ. ಒಳಗಿನ ಲೋಹದ ಒತ್ತಡಕ್ಕೆ ಅಚ್ಚು ಬಾಯಿ ಬಿಡದಿರಲಿ ಎಂದು ಮಾಡಿದ ಏರ್ಪಾಡು ಅದು. ಕುದುರೆಯ ಮುಖದಲ್ಲಿ ಮಾತ್ರ ಎಂಥ ಗತ್ತು! ಕೊಕ್ಕೆ ಸಲಾಕೆಗಳ ನಕ್ಷೆ ಬರೆಯುವಾಗಲೂ ಅವನಿಗೆ ಕೆಟ್ಟದಾಗಿ ಬರೆಯಲು ಬರಲಿಲ್ಲ.

ತಿರುವುಗಳು

1493ರ ಕೊನೆಗೆ ಮಣ್ಣಿನ ಕುದುರೆ ಪೂರ್ತಿ ಅಳತೆಯಲ್ಲಿ ಸಿದ್ಧವಾಯಿತು. ನವೆಂಬರ್ 30ರಂದು ದೊರೆಯ ಅಣ್ಣನ ಮಗಳ ಮದುವೆ. ವರ ಸಾಮಾನ್ಯನಲ್ಲ, ಸಾಮ್ರಾಟ ಮೊದಲನೇ ಮ್ಯಾಕ್ಸಿಮಿಲಿಯನ್. ವರದಕ್ಷಿಣೆ 4 ಲಕ್ಷ ಡುಕಾಟ್, ಅಂದರೆ ಆಗಿನ ಚಿನ್ನದ ನಾಣ್ಯ. ಆ ಸಂಬಂಧದ ಹಿಂದಿನ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಮಿಲಾನ್‌ನ ಪಟ್ಟವನ್ನು ಕಾನೂನು ಪ್ರಕಾರ ದೊರೆಯ ಹೆಸರಿಗೆ ಬರೆದುಕೊಡುವ ಹಕ್ಕಿದ್ದದ್ದು ಸಾಮ್ರಾಟನಿಗೆ. ಈ ಮದುವೆಯ ಸಂಭ್ರಮದಲ್ಲಿ ಕುದುರೆಯನ್ನು ಜನ ನೋಡಿದರು. ಆಸ್ಥಾನ ಕವಿಗಳು ಹಾಡಿ ಹೊಗಳಿದರು. ಕಲಾವಿದನ ಹೆಸರು ಇಟಲಿಯೆಲ್ಲ ಹಬ್ಬಿತು.

ಮೂರೇ ವಾರ ಕಳೆದು, ಡಿಸೆಂಬರ್ 20ರಂದು ಕಲಾವಿದ ಬರೆದ ಟಿಪ್ಪಣಿ ನೋಡಿ: ಬಾಲ ಬಿಟ್ಟು, ಕುದುರೆಯನ್ನು ಮಗ್ಗುಲಾಗಿ ಮಲಗಿಸಿ ಎರಕ ಹೊಯ್ಯಲು ತೀರ್ಮಾನಿಸಿದ್ದೇನೆ. ಅದುವರೆಗೆ ಇದ್ದ ಯೋಚನೆ ಬೇರೆ. ಕುದುರೆಯನ್ನು ತಲೆಕೆಳಗಾಗಿ, ಕಾಲು ಮೇಲಾಗಿ ಗುಂಡಿಯಲ್ಲಿ ಇಳಿಸುವುದು. ಆದರೆ 12 ಬ್ರಾಚ್ಯೋ ಕುದುರೆಗೆ ತಕ್ಕ ಗುಂಡಿ ತೋಡಿದರೆ ಮಿಲಾನ್‌ನ ಅಂತರ್ಜಲಕ್ಕೆ ತೀರ ಹತ್ತಿರ ಹೋಗುತ್ತದೆ. ಅಚ್ಚಿಗೆ ತೇವ ಹತ್ತಿ, ಅದರ ಮೇಲೆ ಸಾವಿರ ಡಿಗ್ರಿ ಬಿಸಿಯ ಕಂಚು ಬಿದ್ದರೆ ನೀರು ಹಬೆಯಾಗಿ ಅಚ್ಚೇ ಸಿಡಿಯುತ್ತದೆ. ಮಗ್ಗುಲಾಗಿ ಮಲಗಿಸಿದರೆ ಗುಂಡಿ ಅಷ್ಟು ಆಳ ಬೇಡ. ಒತ್ತಡವೂ ಕಡಿಮೆ.

ತಾಂತ್ರಿಕವಾಗಿ ಇದು ಜಾಣ ತೀರ್ಮಾನ. ನನಗೆ ಚುಚ್ಚುವುದು ಅದರ ತಾರೀಖು. ಗುಂಡಿಯಲ್ಲಿ ನೀರು ಬರುತ್ತದೆಯೇ ಎಂಬ ಪ್ರಶ್ನೆಯನ್ನು 7 ಮೀಟರ್ ಅಳತೆ ಒಪ್ಪಿಕೊಂಡ ದಿನವೇ ಕೇಳಬಹುದಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಮಣ್ಣಿನ ಕುದುರೆ ಪೂರ್ತಿಯಾಗಿ, ಊರೆಲ್ಲ ನೋಡಿ ಮೆಚ್ಚಿದ ಮೇಲೆ. ಕಣ್ಣಿಗೆ ಕಾಣುವ ಕೆಲಸ ಮೊದಲು ಮುಗಿಯಿತು, ನೆಲದಡಿಯ ಕೆಲಸ ಕೊನೆಗೆ ಉಳಿಯಿತು.

ಮುಂದಿನ ಒಂದು ವರ್ಷ ಬೇಗ ಕಳೆದುಹೋಯಿತು. 1494ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ರಾಜ ಎಂಟನೇ ಚಾರ್ಲ್ಸ್ ಸೈನ್ಯದೊಂದಿಗೆ ಇಟಲಿಗೆ ಇಳಿದ. ಅಕ್ಟೋಬರಿನಲ್ಲಿ ಹೆಸರಿಗೆ ಪಟ್ಟದಲ್ಲಿದ್ದ ಅಣ್ಣನ ಮಗ ಸತ್ತ, ದೊರೆ ತಾನೇ ಪಟ್ಟವೇರಿದ. ನವೆಂಬರಿನಲ್ಲಿ, ಕುದುರೆಗೆಂದು ಕೂಡಿಸಿಟ್ಟಿದ್ದ ಕಂಚನ್ನು ಫೆರಾರಾಕ್ಕೆ ಕಳಿಸಿಬಿಟ್ಟ. ಅಲ್ಲಿ ಆಳುತ್ತಿದ್ದವನು ದೊರೆಯ ಮಾವ. ಅವನಿಗೆ ಫಿರಂಗಿ ಎರಕ ಹೊಯ್ಯಲು ಲೋಹ ಬೇಕಿತ್ತು.

ಎಲ್ಲರೂ ಇಲ್ಲಿಗೆ ಬಂದು ‘ನೋಡಿ, ಯುದ್ಧ ಕೆಡಿಸಿತು’ ಎನ್ನುತ್ತಾರೆ. ಯುದ್ಧ ಕೆಡಿಸಿದ್ದು ನಿಜ. ಆದರೆ ಅಕ್ಟೋಬರ್ ಮತ್ತು ನವೆಂಬರನ್ನು ಪಕ್ಕಪಕ್ಕ ಇಟ್ಟು ನೋಡಿ. ಕುದುರೆಯಿಂದ ದೊರೆಗೆ ಆಗಬೇಕಿದ್ದ ಕೆಲಸ ಏನು? ಪಟ್ಟಕ್ಕೆ ತಾನೇ ಹಕ್ಕುದಾರ ಎಂದು ತೋರಿಸುವುದು. ಆ ಕೆಲಸವನ್ನು ಮಣ್ಣಿನ ಕುದುರೆ ಮದುವೆಯಲ್ಲೇ ಮಾಡಿಕೊಟ್ಟಿತ್ತು. ಸಾಮ್ರಾಟನ ಸಂಬಂಧ ಬೆಳೆಯಿತು, ಪಟ್ಟ ಕೈಗೆ ಬಂತು. ಆಮೇಲೆ ಉಳಿದದ್ದು ಅಪ್ಪನ ಮೇಲಿನ ಭಕ್ತಿ. ಅದು 65 ಟನ್ ಲೋಹವನ್ನು ಯುದ್ಧದ ಕಾಲದಲ್ಲಿ ಹಿಡಿದಿಡುವಷ್ಟು ಗಟ್ಟಿ ಇರಲಿಲ್ಲ. ಇದು ನನ್ನ ಓದು, ದೊರೆ ಎಲ್ಲೂ ಹೀಗೆ ಬರೆದಿಟ್ಟಿಲ್ಲ. ಬರೆಯುವಂಥ ಮಾತೂ ಅಲ್ಲ.

ಕಲಾವಿದನಿಗೆ ಮಣ್ಣಿನ ಕುದುರೆ ಅರ್ಧ ದಾರಿ. ದೊರೆಗೆ ಅದೇ ಊರು. ಇಬ್ಬರೂ ಒಂದೇ ಕೆಲಸ ಮಾಡಿಸುತ್ತಿದ್ದೇವೆ, ಮಾಡುತ್ತಿದ್ದೇವೆ ಅಂದುಕೊಂಡಿದ್ದರು.

ಆಮೇಲೆ ಆದದ್ದು

ಕಲಾವಿದ ಜಗಳ ಆಡಲಿಲ್ಲ. ಕೆಲ ವರ್ಷಗಳ ನಂತರ ದೊರೆಗೆ ಬರೆದ ಒಂದು ಪತ್ರದ ಹರಿದ ಕರಡು ಸಿಕ್ಕಿದೆ. ಸಂಬಳ ಬಾಕಿ, ಕೈಯಲ್ಲಿ ಕಾಸಿಲ್ಲ ಎಂಬ ಗೋಳಿನ ನಡುವೆ ಒಂದೇ ಸಾಲು: ಕುದುರೆಯ ವಿಷಯ ಏನೂ ಹೇಳುವುದಿಲ್ಲ, ಕಾಲ ಹೇಗಿದೆ ಎಂದು ನನಗೆ ಗೊತ್ತಿದೆ. ಈ ಹೊತ್ತಿಗೆ ದೊರೆ ಅವನಿಗೆ ಬೇರೆ ಕೆಲಸ ಕೊಟ್ಟಿದ್ದ, ಒಂದು ಮಠದ ಊಟದ ಕೋಣೆಯ ಗೋಡೆಗೆ ಚಿತ್ರ. ಅದು 1498ರ ಹೊತ್ತಿಗೆ ಮುಗಿಯಿತು, ಲೋಕವೇ ಅದನ್ನು ಬಲ್ಲದು. ಅದರ ಬಣ್ಣ ಉದುರಿದ ಕಥೆ ಬೇರೆಯೇ ಒಂದು ಪ್ರಕರಣ.

1499ರಲ್ಲಿ ಫ್ರೆಂಚರು ಮಿಲಾನ್‌ಗೇ ಬಂದರು. ದೊರೆ ಓಡಿಹೋದ, ಮರುವರ್ಷ ಸಿಕ್ಕಿಬಿದ್ದ, 1508ರಲ್ಲಿ ಫ್ರಾನ್ಸಿನ ಸೆರೆಯಲ್ಲೇ ಸತ್ತ. ಫ್ರೆಂಚ್ ಸೈನ್ಯದಲ್ಲಿದ್ದ ಗ್ಯಾಸ್ಕನ್ ಬಿಲ್ಲುಗಾರರು ಮಣ್ಣಿನ ಕುದುರೆಯನ್ನು ಗುರಿಯಾಗಿಟ್ಟುಕೊಂಡು ಬಾಣ ಬಿಟ್ಟು ಆಡಿದರು. ಇದನ್ನು ಸಬ್ಬಾ ಡಾ ಕಾಸ್ಟಿಲ್ಯೋನೆ ಎಂಬವನು ನೊಂದುಕೊಂಡು ಬರೆದಿದ್ದಾನೆ. ಆ ಕುದುರೆಗೆ ಹದಿನಾರು ವರ್ಷ ಹಿಡಿದಿತ್ತು ಎಂಬ ಲೆಕ್ಕವೂ ಅವನದೇ. ಅದೇ ಡಿಸೆಂಬರಿನಲ್ಲಿ ಕಲಾವಿದ ಊರು ಬಿಟ್ಟ.

ಆದರೂ ಕುದುರೆ ಪೂರ್ತಿ ನಾಶವಾಗಿರಲಿಲ್ಲ. 1501ರಲ್ಲಿ ಅದನ್ನು ಕೇಳಿಕೊಂಡು ಮಿಲಾನ್‌ಗೆ ಪತ್ರ ಬಂತು. ಬರೆಸಿದವನು ಯಾರು ಗೊತ್ತೇ? ಕಂಚು ತರಿಸಿಕೊಂಡ ಅದೇ ಮಾವ, ಫೆರಾರಾದವನು. ತಾನೂ ಒಂದು ಸವಾರ ಪ್ರತಿಮೆ ಮಾಡಿಸಬೇಕು, ಆ ಕುದುರೆ ಯಾರೂ ನೋಡಿಕೊಳ್ಳದೆ ದಿನದಿನಕ್ಕೆ ಹಾಳಾಗುತ್ತಿದೆಯಂತೆ, ಅಚ್ಚು ನಮಗೆ ಕೊಟ್ಟರೆ ಒಳ್ಳೆಯದು ಎಂದು ಅವನ ಬೇಡಿಕೆ. ರಾಜನ ಅಪ್ಪಣೆ ಬೇಕು ಎಂದು ಫ್ರೆಂಚ್ ಅಧಿಕಾರಿಗಳು ಮುಂದೆ ಹಾಕಿದರು. ಅಲ್ಲಿಗೆ ಆ ಮಾತೂ ನಿಂತಿತು. ಮಣ್ಣು ಕಾಲಕ್ರಮದಲ್ಲಿ ಕರಗಿಹೋಯಿತು.

ಫ್ಲಾರೆನ್ಸಿನಲ್ಲಿ ಕಲಾವಿದನಿಗಿಂತ ಕಿರಿಯ ಶಿಲ್ಪಿಯೊಬ್ಬ ಬೀದಿಯಲ್ಲೇ ಅವನನ್ನು ಹಂಗಿಸಿದ ಕಥೆ ಹದಿನಾರನೇ ಶತಮಾನದ ಒಂದು ಬರಹದಲ್ಲಿದೆ: ಕುದುರೆ ಬರೆದೆ, ಎರಕ ಹೊಯ್ಯಲು ಆಗದೆ ನಾಚಿಕೆಗೆಟ್ಟು ಬಿಟ್ಟುಬಂದೆ ಎಂದು. ಬಾಯಿಮಾತಿನ ಕಥೆ ಇರಬಹುದು. ಆದರೆ ಊರ ಬಾಯಲ್ಲಿ ಸೋಲು ಯಾರ ತಲೆಗೆ ಬಂತು ಎನ್ನುವುದು ಅದರಿಂದ ತಿಳಿಯುತ್ತದೆ. ಕಂಚು ಕಳಿಸಿದವನ ಹೆಸರು ಆ ಬೈಗುಳದಲ್ಲಿ ಇಲ್ಲ.

ಕಲಾವಿದನ ವಿಧಾನ ಸರಿಯಿತ್ತೇ? ಹೊಯ್ದು ನೋಡಲಿಲ್ಲವಾದ್ದರಿಂದ ಯಾರೂ ಖಂಡಿತ ಹೇಳಲಾರರು. 1692ರಲ್ಲಿ ಪ್ಯಾರಿಸ್‌ನಲ್ಲಿ ಹದಿನಾಲ್ಕನೇ ಲೂಯಿಯ ಸವಾರ ಪ್ರತಿಮೆಯನ್ನು, ಅದೂ ಸುಮಾರು 7 ಮೀಟರ್ ಎತ್ತರದ್ದು, ಒಂದೇ ಎರಕದಲ್ಲಿ ಹೊಯ್ದರು. ಅಂದರೆ ಇಂಥದ್ದು ಆಗದ ಮಾತಲ್ಲ. ಇನ್ನೂರು ವರ್ಷ ಮೊದಲೇ ಆಗುತ್ತಿತ್ತೇ ಎಂಬುದು ಬೇರೆ ಪ್ರಶ್ನೆ.

ಎರಕದ ಟಿಪ್ಪಣಿಗಳು ಮ್ಯಾಡ್ರಿಡ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ತಪ್ಪು ನಂಬರಿನ ಕೆಳಗೆ ಸೇರಿ ಕಣ್ಮರೆಯಾಗಿದ್ದವು. 1967ರಲ್ಲಿ ಅವು ಸಿಕ್ಕ ಸುದ್ದಿ ಹೊರಬಿತ್ತು. ಮಣ್ಣೂ ಇಲ್ಲ, ಕಂಚೂ ಇಲ್ಲ, ಆದರೆ ಮಾಡುವ ಬಗೆ ಮಾತ್ರ ತಾರೀಖು ಸಮೇತ ಉಳಿದಿತ್ತು. ಹತ್ತು ವರ್ಷದ ಮೇಲೆ ಅಮೆರಿಕದ ಒಬ್ಬ ನಿವೃತ್ತ ವಿಮಾನ ಚಾಲಕ ಈ ಕುದುರೆಯ ವಿಷಯ ಪತ್ರಿಕೆಯಲ್ಲಿ ಓದಿ ಹಟ ಹಿಡಿದ. ಅವನು 1994ರಲ್ಲಿ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. ಶಿಲ್ಪಿ ನೀನಾ ಅಕಾಮು ರೂಪ ಕೊಟ್ಟರು. 1999ರ ಸೆಪ್ಟೆಂಬರ್ 10ರಂದು ಮಿಲಾನ್‌ನ ಕುದುರೆ ರೇಸ್ ಮೈದಾನದ ಬಳಿ 7 ಮೀಟರ್ ದಾಟಿದ ಕಂಚಿನ ಕುದುರೆ ನಿಂತಿತು. ಅದನ್ನು ತುಂಡು ತುಂಡಾಗಿ ಎರಕ ಹೊಯ್ದು, ಬೆಸೆದು, ಒಳಗೆ ಉಕ್ಕಿನ ಚೌಕಟ್ಟು ಕೊಟ್ಟಿದ್ದಾರೆ. ತೂಕ ಸುಮಾರು 15 ಟನ್. ಒಂದೇ ಸಲ ಹೊಯ್ಯಬೇಕೆಂಬ ಹಟ ಬಿಟ್ಟ ಮೇಲೆ ತೂಕ ಎಷ್ಟು ಇಳಿಯಿತು ನೋಡಿ. ಇದು ಕಲಾವಿದನ ಕುದುರೆಯ ನಕಲಲ್ಲ ಎಂಬುದನ್ನೂ ಹೇಳಬೇಕು. ಕೊನೆಯ ರೂಪದ ಪೂರ್ತಿ ಚಿತ್ರ ಯಾರ ಬಳಿಯೂ ಇಲ್ಲ.

ಇದರಿಂದ ತಿಳಿಯುವುದು

ದೊಡ್ಡ ಕೆಲಸ ಹಿಡಿಯುವವರಿಗೆ, ಅದು ಮನೆ ಕಟ್ಟುವುದಿರಲಿ ಸಾಫ್ಟ್‌ವೇರ್ ಇರಲಿ, ಈ ಪ್ರಕರಣದಲ್ಲಿ ನಾನು ಎತ್ತಿ ತೋರಿಸುವ ಮೊದಲ ಜಾಗ 1489. ಅಳತೆ ಬೆಳೆದಾಗ ಕೆಲಸದ ಜಾತಿಯೇ ಬದಲಾಯಿತು. ಆ ದಿನ ಮತ್ತೆ ಕೂತು ಮಾತಾಡಬೇಕಿತ್ತು: ಲೋಹ ಯಾವಾಗ ಕೈಗೆ ಬರುತ್ತದೆ, ಅದರ ಮೇಲೆ ಯಾರ ಹಿಡಿತ, ಎರಕದವರು ಯಾರು, ಗುಂಡಿ ಎಲ್ಲಿ. ಹಾಗೆ ಮಾತಾಡಿದ್ದಕ್ಕೆ ಯಾವ ಗುರುತೂ ಉಳಿದಿಲ್ಲ.

ಎರಡನೆಯದು, ಮಾದರಿ ತೋರಿಸುವುದರಲ್ಲಿ ಇರುವ ಅಪಾಯ. ತುಂಬ ಚೆನ್ನಾದ ಮಾದರಿ ತೋರಿಸಿದರೆ ಕೆಲವು ಸಲ ಕೆಲಸ ಕೊಟ್ಟವನಿಗೆ ಅಷ್ಟೇ ಸಾಕಾಗಿಬಿಡುತ್ತದೆ. ಹಾಗಂತ ತೋರಿಸದೆ ಇರಲು ಆಗುತ್ತಿತ್ತೇ? ಸಾಮ್ರಾಟನ ಮದುವೆ, ಕೇಳಿದವನು ದೊರೆ. ಇಲ್ಲ ಅನ್ನುವಂತಿರಲಿಲ್ಲ. ಆದರೆ ಮದುವೆಗೆ ಮೊದಲೇ ಗುಂಡಿ ಸಿದ್ಧವಿದ್ದಿದ್ದರೆ, ಹೊಗಳಿಕೆಯ ಬಿಸಿ ಆರುವ ಮೊದಲೇ ಕಂಚು ಹೊಯ್ಯಬಹುದಿತ್ತು. ಕೈಯಲ್ಲಿ ಹನ್ನೊಂದು ತಿಂಗಳು ಇತ್ತು.

ಪರಿಪೂರ್ಣತೆಯ ಗೀಳು ಎಂಬ ಹಳೇ ಆರೋಪವನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. 1490ರ ನಂತರ ಅವನು ಮೂರೂವರೆ ವರ್ಷದಲ್ಲಿ ಪೂರ್ತಿ ಅಳತೆಯ ಮಾದರಿ ಮುಗಿಸಿದ, ಹೊಸ ಎರಕದ ವಿಧಾನ ಕಟ್ಟಿದ, ಎರಡು ಸಲ ತನ್ನ ಯೋಚನೆಯನ್ನೇ ತಿದ್ದಿಕೊಂಡ. ಇದು ಗೀಳಿನ ಮನುಷ್ಯನ ವೇಗ ಅಲ್ಲ. ಅದಕ್ಕೂ ಮೊದಲಿನ ಏಳು ವರ್ಷ ಜಾರಿದ್ದು ಅವನ ತಪ್ಪೋ ಆಸ್ಥಾನದ್ದೋ ಎಂದು ಬೇಕಾದರೆ ವಾದ ಮಾಡಬಹುದು.

ಅವನೇ ಏನು ಕಲಿತ ಎನ್ನುವುದಕ್ಕೆ ಒಂದು ಕಾಗದ ಇದೆ. 1506ರ ನಂತರ ಮತ್ತೆ ಮಿಲಾನ್‌ಗೆ ಬಂದಾಗ ಇನ್ನೊಂದು ಕಂಚಿನ ಕುದುರೆಯ ಮಾತು ಬಂತು. ಈ ಸಲ ಸಮಾಧಿಗೆ. ಕೇಳಿದವನು 1499ರಲ್ಲಿ ಮಿಲಾನ್ ಗೆದ್ದ ಫ್ರೆಂಚ್ ಸೈನ್ಯದ ಸೇನಾಪತಿ. ಹಿಂದೆ ದೊರೆಗೆ ಬರೆದ ಪತ್ರದಲ್ಲಿ ಎಂದೆಂದಿಗೂ ಉಳಿಯುವ ಕೀರ್ತಿಯ ಮಾತಿತ್ತು. ಇಲ್ಲಿ ಬರೀ ಖರ್ಚಿನ ಪಟ್ಟಿ. ಕುದುರೆ ನಿಜ ಕುದುರೆಯ ಅಳತೆಯದು ಎಂದು ಶುರುವಿನಲ್ಲೇ ಬರೆದಿದ್ದಾನೆ. ಮೊದಲ ಬಾಬು ಲೋಹದ ಬೆಲೆ, 500 ಡುಕಾಟ್. ಆಮೇಲೆ ಒಳಗಿನ ಕಬ್ಬಿಣ, ಇದ್ದಿಲು, ಸೌದೆ, ಎರಕದ ಗುಂಡಿ, ಅಚ್ಚಿನ ಕಟ್ಟು, ಕುಲುಮೆ ಎಲ್ಲ ಸೇರಿ 200. ಮಣ್ಣಿನಲ್ಲೂ ಮೇಣದಲ್ಲೂ ಮಾದರಿ ಮಾಡಲು 432. ಎರಕ ಆದ ಮೇಲೆ ಉಜ್ಜಿ ಹೊಳಪು ಕೊಡುವ ಆಳುಗಳಿಗೆ 450. ಕುದುರೆ ಮತ್ತು ಸವಾರನಿಗೆ ಒಟ್ಟು 1,582. ಅದರ ಕೆಳಗೆ ಸಮಾಧಿಯ ಅಮೃತಶಿಲೆ, ಕಂಬ, ಕೆತ್ತನೆಯ ಕೂಲಿ ಬೇರೆ ಬೇರೆಯಾಗಿ. ಆ ಪ್ರತಿಮೆಯೂ ಆಗಲಿಲ್ಲ, ಸೇನಾಪತಿ 1518ರಲ್ಲಿ ಸತ್ತ. ಪಟ್ಟಿಯಲ್ಲಿ ಗುಂಡಿಯೂ ಕುಲುಮೆಯೂ ಮಾದರಿಗಿಂತ ಮೇಲಿನ ಸಾಲಿನಲ್ಲಿವೆ.